ಹೋಟೆಲಿನಿಂದ ತರಿಸಿದ ಟೀ

ರತ್ನಮ್ಮ ಟೀಚರೇ, ಅವತ್ತು ನಿಮ್ಮ ಮನೆಯ ನೀರನ್ನು ನಾನು ಬೇಡವೆಂದದ್ದು ಜಾತಿಗಾಗಿ ಅಲ್ಲ. ನೀರಿನಲ್ಲಿ ವಿಷವಿತ್ತು — ನನಗೆ ಗೊತ್ತಿತ್ತು — ನಿಮಗೆ ಹೇಳಲಿಲ್ಲ.

ಅರಸೀಕೆರೆಯ ಅಂಚಿನಲ್ಲಿ, ನಿಮ್ಮ ಹಿತ್ತಿಲಿಗೆ ಹೊಂದಿಕೊಂಡಂತೆ, ಮರದ ಕಂಬಗಳಿಗೆ ಗೆದ್ದಲು ಹತ್ತದಂತೆ ಔಷಧಿ ಕುಡಿಸುತ್ತಿದ್ದ ಕಾರ್ಖಾನೆ ಆಗಲೇ ಮುಚ್ಚಿತ್ತು. ಔಷಧಿ ಮಾತ್ರ ಮಣ್ಣಿನೊಳಗೆ ಇಳಿಯುತ್ತಲೇ ಇತ್ತು. ಆ ಮಣ್ಣನ್ನು ಅಗೆದು ಸಾಗಿಸುವ, ಸುತ್ತಲಿನ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸುವ ಕೆಲಸಕ್ಕೆ ನಾನು ಸೂಪರ್‌ವೈಸರ್. ನಿಮ್ಮ ಬೋರಿನ ವರದಿ ಕೆಟ್ಟದಾಗಿ ಬಂತು. ಇನ್ನೊಂದು ಸಲ ಪರೀಕ್ಷೆಯಾಗಲಿ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದರು ಸಾಹೇಬರು. ಬಿಡಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ — ಅಷ್ಟೇ, ಬೇರೆ ಘನಂದಾರಿ ಕಾರಣವೇನೂ ಇಲ್ಲ.

ಮರುಪರೀಕ್ಷೆಗೆ ಎರಡನೆಯ ಬಾಟಲಿ ನೀರು ತುಂಬಿಸಿಕೊಳ್ಳಲು ಬಂದ ದಿನ ಸುಡುಬಿಸಿಲು. ಹೆರಿಗೆಗೆ ಬಂದಿದ್ದ ನಿಮ್ಮ ಮಗಳು ಬುದ್ಧನ ಪಟದ ಕೆಳಗೆ ಕೂತು ನೀರು ಕುಡಿಯುತ್ತಿದ್ದಳು. ನನಗೂ ಒಂದು ಲೋಟ ತಂದಿರಿ. ಬೇಡ ಎಂದೆ. ನೀವು ನನ್ನ ಹಣೆಯ ವಿಭೂತಿ ನೋಡಿದಿರಿ.

"ನಮ್ಮನೆ ನೀರು ನಿಮಗೆ ಆಗಲ್ಲ ಅಂತ ಕಾಣುತ್ತೆ. ಬಿಡಿ, ಬೇಜಾರಿಲ್ಲ."

ಅಲ್ಲ ಎನ್ನಬೇಕಿತ್ತು. ಎಂದಿದ್ದರೆ, ಮತ್ತೆ ಯಾಕೆ ಎಂದು ಕೇಳುತ್ತಿದ್ದಿರಿ — ಅದಕ್ಕೇ ತಲೆ ತಗ್ಗಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು! ನಿಜ ಹೇಳುವುದಕ್ಕಿಂತ ನಿಮ್ಮನ್ನು ಅವಮಾನಿಸುವುದೇ ನನಗೆ ಸುಲಭವಾಯಿತು.

ಆಮೇಲೆ ಬೋರಿನ ಮಟ್ಟ ಅಳೆಯಲು ಬಂದಾಗಲೆಲ್ಲ ಜಾವಗಲ್ ರಸ್ತೆಯ ಹೋಟೆಲಿನಿಂದ ಟೀ ತರಿಸಿಡುತ್ತಿದ್ದಿರಿ.

"ಹೋಟೆಲ್‌ದು ಕಣ್ರೀ, ನೀವು ಕುಡೀಬೋದು."

ಕುಡಿದೆ. ನೀವು, ನಿಮ್ಮ ಬಸುರಿ ಮಗಳು ಬೋರಿನ ನೀರು ಕುಡಿಯುತ್ತಿದ್ದ ಒಂದೂವರೆ ತಿಂಗಳೂ ನಾನು ಟೀ ಕುಡಿದೆ. ಕೊನೆಗೆ ಎರಡನೆಯ ವರದಿ ಬಂದು ಬೋರಿಗೆ ಬೀಗ ಬಿತ್ತು, ಬೀದಿಗೆ ಟ್ಯಾಂಕರ್ ಬಂತು. ನನಗೆ ಮೊದಲೇ ತಿಳಿದಿತ್ತೆಂದು ಯಾರಿಗೂ ಗೊತ್ತಾಗಲಿಲ್ಲ — ನನ್ನನ್ನು ಕೂರಿಸಿ ಟೀ ಕೊಟ್ಟ ನಿಮಗೂ.

ನಿಮ್ಮ ಮೊಮ್ಮಗಳು ಚೆನ್ನಾಗಿದ್ದಾಳೆ, ಶಾಲೆಗೆ ಹೋಗುತ್ತಾಳೆ ಎಂದು ಮೊನ್ನೆ ಯಾರೋ ಹೇಳಿದರು. ಖುಷಿಯಾಯಿತು, ಟೀಚರೇ, ಕಣ್ಣಲ್ಲಿ ನೀರು ಬಂತು. ಆದರೆ ಅವಳು ಚೆನ್ನಾಗಿರುವುದರಲ್ಲಿ ನನ್ನ ಪುಣ್ಯ ಎಳ್ಳಷ್ಟೂ ಇಲ್ಲ.

ಭಾನುವಾರ ಬರುತ್ತೇನೆ. ಇದೆಲ್ಲವನ್ನೂ ನಿಮ್ಮ ಮಗಳ ಎದುರಿಗೇ ಹೇಳುತ್ತೇನೆ. ಈಗ ಮನೆಗೆ ನಲ್ಲಿ ನೀರು ಬಂದಿದೆಯಂತೆ — ಒಂದು ಲೋಟ ಕೊಡಿ ಎಂದು ಕೇಳುವ ಮುಖ ನನಗಿಲ್ಲ. ಬಯ್ಯಿರಿ, ಬಾಗಿಲಿನಿಂದಲೇ ಕಳಿಸಿಬಿಡಿ. ಹೋಟೆಲಿನ ಟೀ ಮಾತ್ರ ತರಿಸಬೇಡಿ.