ಎರಡು ಸೀಟಿನ ಗಾಡಿಯ ಫಿಟ್‌ನೆಸ್ಸು

ಮೂವತ್ತು ವರ್ಷಗಳಿಂದ ನಾನು ಜನರಿಗೆ ಫಿಟ್‌ನೆಸ್ ಸರ್ಟಿಫಿಕೇಟು ಬರೆದುಕೊಡುತ್ತ ಬಂದಿದ್ದೇನೆ. ಪುಣೆಯ ಖಡಕಿಯಲ್ಲಿ ನನ್ನದೊಂದು ಸಣ್ಣ ದವಾಖಾನೆಯಿದೆ. ಜ್ವರ ಬಂದು ರಜೆ ಹಾಕಿದವರು, ಜ್ವರ ಬಾರದೆ ರಜೆ ಹಾಕಿದವರು, ಇಬ್ಬರೂ ಕೆಲಸಕ್ಕೆ ಮರಳುವ ಮುನ್ನ ನನ್ನೆದುರು ಕೂತು ನಾಲಿಗೆ ಚಾಚುತ್ತಾರೆ. ನಾನು ನಾಡಿ ಹಿಡಿದು, ಎದೆಗೆ ಸ್ಟೆತಾಸ್ಕೋಪು ಇಟ್ಟು, ಗಂಭೀರವಾಗಿ ‘ಹೂಂ’ ಎಂದು ಸಹಿ ಹಾಕುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ‘ಹೂಂ’ನಲ್ಲಿ ವೈದ್ಯಶಾಸ್ತ್ರ ಸ್ವಲ್ಪ, ನಾಟಕ ಜಾಸ್ತಿ. ಎದುರಿಗೆ ಕೂತವನ ಎದೆ ಯಾಕೆ ಅಷ್ಟು ಜೋರಾಗಿ ಬಡಿದುಕೊಳ್ಳುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಹೋದ ವರ್ಷ ನನ್ನ ಕಾರನ್ನು ಫಿಟ್‌ನೆಸ್ ಪರೀಕ್ಷೆಗೆ ಒಯ್ದಾಗ ತಿಳಿಯಿತು.

ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ಅದಕ್ಕೆ ಎರಡೇ ಸೀಟು, ಮೇಲೆ ಮಡಿಚಿಡಬಹುದಾದ ಬಟ್ಟೆಯ ಹೊದಿಕೆ, ಮುಂದೆ ಗುಂಡನೆಯ ಎರಡು ದೀಪ, ಬಣ್ಣ ಎಳೆ ಮಾವಿನಕಾಯಿಯ ಹಸಿರು. ನೋಡಿದವರೆಲ್ಲ ‘ಬ್ರಿಟಿಷರ ಕಾಲದ್ದೇನ್ರಿ?’ ಎಂದು ಕೇಳುತ್ತಾರೆ. ಮುಖ ಮಾತ್ರ ಆ ಕಾಲದ್ದು. ಹೋದ ವರ್ಷಕ್ಕೆ ಗಾಡಿ ಹುಟ್ಟಿ ಹದಿನೈದು ವರ್ಷವಾಯಿತಷ್ಟೆ. ಒಳಗಿರುವುದು ಬಡಪಾಯಿ ಸಣ್ಣ ಕಾರಿನ ಎಂಜಿನ್ನು. ಹನ್ನೆರಡು ವರ್ಷದ ಹಿಂದೆ ಇಲ್ಲಿಯ ಕ್ಯಾಂಪ್ ಬಡಾವಣೆಯ ಒಬ್ಬ ಮುದುಕರಿಂದ ಕೊಂಡೆ. ಇದರೊಳಗೆ ಕೂರಲು ಮೊದಲು ಎಡಗಾಲು, ಆಮೇಲೆ ಸೊಂಟ, ಕೊನೆಗೆ ಮಾನ ಮರ್ಯಾದೆ ಇಳಿಸಬೇಕು. ಏಳಲು ಇನ್ನೊಬ್ಬರು ಕೈ ಕೊಡಬೇಕು. ನನ್ನ ಹೆಂಡತಿ ಉಷಾ ಇದನ್ನು ‘ನಿಮ್ಮ ಚಪ್ಪಲಿ’ ಎನ್ನುತ್ತಾಳೆ. ಹಾಗಂದುಕೊಂಡೇ ಪ್ರತಿ ಭಾನುವಾರ ಬೆಳಿಗ್ಗೆ ತಲೆಗೆ ಸ್ಕಾರ್ಫು ಸುತ್ತಿ ಪಕ್ಕದಲ್ಲಿ ಕೂತು ಕ್ಯಾಂಪಿನವರೆಗೆ ಬರುತ್ತಾಳೆ. ಅಲ್ಲಿ ಬೆಣ್ಣೆ ಸವರಿದ ಬನ್ ಮಸ್ಕಾ, ಚಹಾ, ವಾಪಸು ಮನೆ. ಬಂದ ನೆಂಟರಿಗೆ ಜಾಗವಿಲ್ಲದ ನಮ್ಮ ಏಕೈಕ ಪ್ರವಾಸ ಇದು.

ಸರಕಾರದ ನಿಯಮದಂತೆ ಹದಿನೈದು ತುಂಬಿದ ಕಾರು ಪರೀಕ್ಷೆಗೆ ಕೂರಬೇಕು. ಪಾಸಾದರೆ ಇನ್ನೈದು ವರ್ಷ ರಸ್ತೆಗಿಳಿಯಬಹುದು. ನಮ್ಮದು ಮೊದಲ ಸಲ ನಪಾಸಾಯಿತು. ಹ್ಯಾಂಡ್‌ಬ್ರೇಕು ಎಳೆದ ಮೇಲೂ ಗಾಡಿ ಮೆಲ್ಲನೆ ಮುಂದೆ ಸರಿದು ಇನ್‌ಸ್ಪೆಕ್ಟರ ಬೂಟನ್ನು ಮುಟ್ಟಿ ನಿಂತಿತು. ನನಗೆ ಅದು ವಿನಯದಂತೆ ಕಂಡಿತ್ತು, ಅವರಿಗೆ ಹಾಗೆ ಕಾಣಲಿಲ್ಲ.

ಉಷಾ ಬೆಳಗಾವಿಯವಳು, ಇಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಒಂದೇ ಒಂದು ಗ್ರೇಸ್ ಮಾರ್ಕು ಕೊಟ್ಟ ಅಪಕೀರ್ತಿ ಅವಳಿಗಿಲ್ಲ. ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತಲೇ ತೀರ್ಪು ಕೊಟ್ಟಳು.

“ನಪಾಸಾದವರಿಗೆ ಒಂದ ಮರುಪರೀಕ್ಷಾ ಇರ್ತದ. ಅದರಾಗೂ ಹೋತಂದ್ರ ಇಂದಾಪುರದವರಿಗೆ ಕೊಟ್ಟ ಬಿಡೂದು. ಆಮ್ಯಾಲ ಅಳಬಾರದು.”

ಇಂದಾಪುರದವರೆಂದರೆ, ಸೋಲಾಪುರ ಹೆದ್ದಾರಿಯಲ್ಲಿ ಢಾಬಾ ಇಟ್ಟಿರುವ ಗೃಹಸ್ಥ. ನಮ್ಮ ಗಾಡಿಯನ್ನು ಅಂಗಳದಲ್ಲಿ ಗಟ್ಟಿಯಾಗಿ ನಿಲ್ಲಿಸಿ, ಬಾನೆಟ್ಟಿನೊಳಗೆ ಮಣ್ಣು ತುಂಬಿ ಜರ್ಬೆರಾ ಹೂ ಬೆಳೆಸಿ, ಬಂದವರು ಕೂತು ಫೋಟೋ ತೆಗೆಸಿಕೊಳ್ಳಲಿ ಎಂಬುದು ಅವರ ಆಸೆ. ನಾನು ಸರಿ ಎಂದೆ. ಮಾತು ಕೊಟ್ಟಾದ ಮೇಲೆ ನಿದ್ದೆ ಬರಲಿಲ್ಲ. ಓಡುವ ಗಾಡಿ ಹೂಕುಂಡವಾಗುವುದನ್ನು ನೆನೆದರೆ ನನ್ನ ಹೊಟ್ಟೆಯೊಳಗೇ ಯಾರೋ ಮಣ್ಣು ತುಂಬಿದ ಹಾಗಾಗುತ್ತಿತ್ತು.

ಮರುಪರೀಕ್ಷೆಯ ತಯಾರಿ ಶರಣಪ್ಪನ ಪಾಲಿಗೆ ಬಂತು. ಶರಣಪ್ಪ ಕಲಬುರಗಿ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಕಾಂಕ್ರೀಟ್ ಕಲಸುವ ಯಂತ್ರ ರಿಪೇರಿ ಮಾಡುತ್ತ ಮಾಡುತ್ತ ಮೆಕ್ಯಾನಿಕ್ಕಾದವನು. ಈಗ ನಮ್ಮ ದವಾಖಾನೆಯ ಹಿಂದೆ ಅವನ ಗ್ಯಾರೇಜು. ಅವನೊಡನೆ ನನ್ನದೊಂದು ಹಳೆಯ ತಕರಾರಿದೆ. ದಾರಿಯುದ್ದಕ್ಕೂ ಗಡಗಡ ಎನ್ನುವ ಗಾಡಿ ಅವನ ಬಾಗಿಲಿಗೆ ಬಂದ ಕೂಡಲೇ ಗಪ್‌ಚುಪ್ಪಾಗುತ್ತದೆ. “ಏನೂ ಸಪ್ಪಳಿಲ್ಲಲ್ರಿ ಸಾಹೇಬ್ರ,” ಎಂದು ಅವನು ನನ್ನನ್ನೇ ರೋಗಿಯಂತೆ ನೋಡುತ್ತಾನೆ.

ಈ ರೋಗ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ವಾರವೆಲ್ಲ ಕಾಡಿದ ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾಗುತ್ತದೆ. ಮನೆಯಲ್ಲಿ ನೆಟ್ಟಗಿರುವ ರಕ್ತದೊತ್ತಡ ಬಿಳಿ ಕೋಟು ಕಂಡೊಡನೆ ಏರುತ್ತದೆ. ಹಾಗಾದರೆ ಪರೀಕ್ಷೆಯಲ್ಲಿ ನಾವು ಅಳೆಯುವುದೇನನ್ನು? ಯಾರೋ ನೋಡುತ್ತಿರುವಾಗ ಅದು ಹೇಗಿರುತ್ತದೆ ಎಂಬುದನ್ನಷ್ಟೇ. ನಮ್ಮ ಗಾಡಿಯ ಹಾರ್ನು ವರ್ಷವಿಡೀ ಎಮ್ಮೆಗಳೆದುರು ಮೌನವ್ರತ ಹಿಡಿದು, ಪರೀಕ್ಷೆಯ ದಿನ ಕಹಳೆಯಂತೆ ಕೂಗಿದರೆ ಅದನ್ನು ಫಿಟ್ ಎನ್ನಬೇಕೆ? ಇದನ್ನೆಲ್ಲ ನಾನು ಶರಣಪ್ಪನಿಗೆ ವಿವರಿಸಿದೆ. ಅವನು ಗಾಡಿಯ ಅಡಿಯಿಂದಲೇ, “ಒಂದೀಟ ಪಾನಾ ಕೊಡ್ರಿ,” ಎಂದು ಸ್ಪ್ಯಾನರಿಗೆ ಕೈ ಚಾಚಿದ.

ಮರುಪರೀಕ್ಷೆಗೆ ಉಷಾ ಕೂಡ ಬಂದಳು. ಯಾಕೆ ಎಂದು ಕೇಳಲಿಲ್ಲ. ನಪಾಸಾದವರ ಪಾಲಕರನ್ನು ಸಮಾಧಾನ ಮಾಡಿ ಅವಳಿಗೆ ಅಭ್ಯಾಸವಿದೆ. ಶರಣಪ್ಪ ಸ್ಕೂಟರಿನಲ್ಲಿ ಹಿಂದೆ ಬಂದ. ಇನ್‌ಸ್ಪೆಕ್ಟರು ಈ ಸಲ ಒಬ್ಬ ತರುಣಿ. ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಮುಖದಲ್ಲಿ ನನ್ನದೇ ‘ಹೂಂ’. ನಾನು ನನ್ನ ನಾಡಿ ಹಿಡಿದು ನೋಡಿಕೊಂಡೆ. ಎಣಿಸುವಂತಿರಲಿಲ್ಲ.

ಹ್ಯಾಂಡ್‌ಬ್ರೇಕು ಹಿಡಿಯಿತು. ದೀಪಗಳು ನೇರ ನೋಡಿದವು. ಹಾರ್ನು ಎಷ್ಟು ಕೂಗಿತೆಂದರೆ ಪಕ್ಕದ ಟೆಂಪೋದವನು ನಿದ್ದೆಯಿಂದೆದ್ದು ಬೈದ. ಹೊಗೆಯೂ ಪಾಸು. ನಾನು ಉಷಾಳ ಕಡೆ ತಿರುಗಿ ಗೆದ್ದವನ ನಗೆ ನಗುವುದರೊಳಗೆ ಇನ್‌ಸ್ಪೆಕ್ಟರು ಬಾನೆಟ್ ಎತ್ತಿಸಿದರು. ಗಾಡಿಯ ಮೈಗೆ ಕೊರೆದಿರುವ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವುದು ಕೊನೆಯ ಕೆಲಸ. ಅವರು ಉಜ್ಜಿದರು. ಕಾಗದದ ಮೇಲೆ ಒಂದು ಕರಿ ಮಚ್ಚೆಯಷ್ಟೇ ಮೂಡಿತು.

“ಡಾಕ್ಟರ್, ನಂಬರ್ ಕುಠೇ ಆಹೇ?”

ನಂಬರು ಎಲ್ಲಿದೆ ಎಂದು ನಾನೂ ಬಗ್ಗಿ ನೋಡಿದೆ. ಅದು ಇರಬೇಕಾದಲ್ಲಿ ಅರಿಶಿನ, ಕುಂಕುಮ, ಗಂಧ, ಅಕ್ಷತೆ, ಎಣ್ಣೆ ಎಲ್ಲ ಕೂಡಿ ಗಟ್ಟಿಯಾದ ಒಂದು ದಿಬ್ಬವಿತ್ತು. ಹನ್ನೊಂದು ಖಂಡೇನವಮಿಗಳು ಅಲ್ಲಿ ಒಂದರ ಮೇಲೊಂದು ಕೂತಿದ್ದವು.

ಖಂಡೇನವಮಿ, ಅಂದರೆ ಆಯುಧಪೂಜೆ, ಬಂತೆಂದರೆ ನಮ್ಮ ಮನೆಯಲ್ಲಿ ಯಾವ ಹತಾರಕ್ಕೂ ವಿನಾಯಿತಿಯಿಲ್ಲ. ಈಳಿಗೆ, ಹೊಲಿಗೆ ಯಂತ್ರ, ಉಷಾಳ ಕಂಪಾಸು, ನನ್ನ ಸ್ಟೆತಾಸ್ಕೋಪು ಎಲ್ಲಕ್ಕೂ ಕುಂಕುಮ. ಮಾರನೆಯ ದಿನ ನನ್ನ ಮೊದಲ ರೋಗಿ ಎದೆಯ ಮೇಲೆ ಕೆಂಪನೆಯ ದುಂಡು ಗುರುತು ಹೊತ್ತು ಮನೆಗೆ ಹೋಗುತ್ತಾನೆ. ಕಾರು ಬಂದ ಮೊದಲ ವರ್ಷ ಉಷಾ ತಟ್ಟೆ ಹಿಡಿದು ಬಾನೆಟ್ಟಿಗೆ ಕುಂಕುಮ ಹಚ್ಚಲು ಹೋದಾಗ ನಾನು ಬಣ್ಣ ಹಾಳಾಗುತ್ತದೆಂದು ಕೂಗಾಡಿದ್ದೆ. “ಹಂಗಾದ್ರ ಎಲ್ಲಿ ಹಚ್ಚಲಿ?” ಎಂದಿದ್ದಳು. ಬಾನೆಟ್ ಎತ್ತಿ ಈ ಜಾಗ ತೋರಿಸಿದವನು ನಾನೇ. ಇಲ್ಲಿ ಹಚ್ಚು, ಯಾರಿಗೂ ಕಾಣುವುದಿಲ್ಲ ಎಂದಿದ್ದೆ. ಕಾಣದಂತಾಯಿತು, ನಿಜ.

ನಾನು ಶರಣಪ್ಪನ ಮೇಲೆ ಹರಿಹಾಯ್ದೆ. ಎಂಜಿನ್ನೆಲ್ಲ ಕನ್ನಡಿಯಂತೆ ಒರೆಸಿದವನಿಗೆ ಇದೊಂದು ಕಾಣಲಿಲ್ಲವೇ?

“ಕಂಡಿತ್ರಿ,” ಎಂದ ಅವನು. “ಪ್ರತಿ ಸಲ ಕೈ ಮುಗದೇ ಬಾಜೂಕ ಒರಸ್ತೀನಿ. ಅಕ್ಕಾರು ಪೂಜಿ ಮಾಡಿದ ಜಾಗ ಅದ. ಸ್ಕ್ರೂಡ್ರೈವರ ಹಾಕಿ ಕೆರಿಲೇನ್ರಿ ನಾ?”

ಅರ್ಧ ಗಂಟೆಯಲ್ಲಿ ನಂಬರು ತೋರಿಸಿ, ಇಲ್ಲವಾದರೆ ನಪಾಸು ಬರೆಯಬೇಕಾಗುತ್ತದೆ ಎಂದು ಹೇಳಿ ಇನ್‌ಸ್ಪೆಕ್ಟರು ಮುಂದಿನ ಗಾಡಿಗೆ ಹೋದರು. ಶರಣಪ್ಪ ಕೈ ಹಚ್ಚಲಾರ. ನಾನು ಕೀಲಿಯಿಂದ ಕೆರೆಯಲು ಹೋಗಿ, ಅಂಕಿಗೇ ಗೀರು ಬಿದ್ದೀತೆಂದು ಹಿಂದೆಗೆದೆ. ಮೂಗಿಗಾಗಲೇ ಜರ್ಬೆರಾದ ಮಣ್ಣು ವಾಸನೆ ಹೊಡೆಯತೊಡಗಿತ್ತು. ಉಷಾ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಒಪ್ಪಂದದಂತೆ ಅವಳೇ ಗೆಲ್ಲುತ್ತಿದ್ದಳು.

ಅವಳು ಸೆರಗು ಸಿಕ್ಕಿಸಿದಳು. ಬಳೆಗೆ ತಗುಲಿಸಿದ್ದ ಸೇಫ್ಟಿ ಪಿನ್ನು ಬಿಚ್ಚಿದಳು. ಒಮ್ಮೆ ಕಣ್ಣು ಮುಚ್ಚಿ ಆ ಜಾಗಕ್ಕೆ ನಮಸ್ಕಾರ ಮಾಡಿ ಕೆರೆಯತೊಡಗಿದಳು.

“ಕೊಟ್ಟ ಬಿಡೂದು ಅಂದಿದ್ದೆಲ್ಲ?” ಎಂದೆ ನಾನು, ಬಾನೆಟ್ ಹಿಡಿದು ನಿಂತು.

“ಗಾಡಿ ನಪಾಸಾದ್ರ ಅಂದಿದ್ದೆ. ಗಾಡಿ ಪಾಸಾಗೇದ. ನಪಾಸಾಗಿದ್ದು ನಾವು. ನಮ್ಮ ತಪ್ಪಿಗೆ ಅದರ ಮಾರ್ಕು ಯಾಕ ಕಡಿಬೇಕು?”

ಕೆಂಪು ಪದರ, ಹಳದಿ ಪದರ, ಮತ್ತೆ ಕೆಂಪು. ಎಣ್ಣೆ ಹೆಚ್ಚಾದ ವರ್ಷ ಯಾವುದು, ಅಕ್ಷತೆ ಹೆಚ್ಚಾದದ್ದು ಯಾವುದು ಎಂದು ಗುರುತಿಸುತ್ತ ಅವಳು ಒಂದೊಂದೇ ಅಂಕಿ ಬಿಡಿಸಿದಳು. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಈ ಚಪ್ಪಲಿಯ ಮುಂದೆ ನಿಂತು ನೀನು ಏನು ಬೇಡಿಕೊಳ್ಳುತ್ತಿದ್ದೆ, ಬ್ರೇಕು ಹಿಡಿಯಲಿ ಅಂತಲೇ ಎಂದು ಕೇಳಿದೆ.

“ಬ್ರೇಕಿಗೆ ಶರಣಪ್ಪ ಇದ್ದಾನ,” ಎಂದಳು ತಲೆಯೆತ್ತದೆ. “ಎರಡೂ ಸೀಟಿನ್ಯಾಗ ಮಂದಿ ಇರಲಿ ಅಂತ ಬೇಡ್ಕೋತಿದ್ದೆ. ನಿಮ್ಮ ನೆರಳ ಬೀಳಾಕತ್ತದ, ಸರೀರಿ ಸ್ವಲ್ಪ.”

ನಾನು ಸರಿದು ನಿಂತೆ. ಗಡಿಯಾರ ನೋಡುವ ನೆಪದಲ್ಲಿ ಕನ್ನಡಕ ಒರೆಸಿಕೊಂಡೆ. ಹನ್ನೊಂದು ವರ್ಷ ನಾನು ಆ ಗಾಡಿಯ ಆಯಿಲು ನೋಡಿದ್ದೇನೆ, ಟೈರಿನ ಗಾಳಿ ನೋಡಿದ್ದೇನೆ, ಈ ಮಾತು ಮಾತ್ರ ನನಗೆ ಗೊತ್ತಿರಲಿಲ್ಲ.

ಇನ್‌ಸ್ಪೆಕ್ಟರು ಬಂದು ಮತ್ತೆ ಕಾಗದವಿಟ್ಟು ಉಜ್ಜಿದರು. ಹದಿನೇಳು ಅಕ್ಷರ ಅಂಕಿಗಳೂ ಮಣಿ ಪೋಣಿಸಿದಂತೆ ಎದ್ದು ಬಂದವು. ಅವರು ‘ಹೂಂ’ ಎಂದು ಸಹಿ ಹಾಕಿ, ಕೈಗಂಟಿದ ಕುಂಕುಮ ನೋಡಿ ನಕ್ಕು ಅದನ್ನು ಹಣೆಗೇ ಒರೆಸಿಕೊಂಡರು. ವಾಪಸು ಬರುವಾಗ ಕ್ಯಾಂಪಿನ ದಾರಿ ಹಿಡಿದೆವು. ಭಾನುವಾರ ಅಲ್ಲದಿದ್ದರೂ ಬನ್ ಮಸ್ಕಾ ಸಿಕ್ಕಿತು.

ಮುಂದೆ ಮೂರು ವಾರಕ್ಕೆ ಖಂಡೇನವಮಿ ಬಂತು. ಉಷಾ ತಟ್ಟೆ ಹಿಡಿದು ಗಾಡಿಯ ಮುಂದೆ ನಿಂತು, “ಈ ವರ್ಷ ಎಲ್ಲಿ ಹಚ್ಚಲಿ?” ಎಂದಳು. ನಾನು ಬಾನೆಟ್ಟಿನ ನಟ್ಟನಡುವೆ ಬೆರಳಿಟ್ಟು ತೋರಿಸಿದೆ.

“ಬಣ್ಣ ಹೋಗ್ತದ ನೋಡ್ರಿ.”

“ಹೋಗಲಿ,” ಎಂದೆ.

ಹೋಯಿತು. ಮಾವಿನಕಾಯಿ ಹಸಿರಿನ ಮೇಲೆ ಬೆರಳಗಲದ ಕೆಂಪು ಕಲೆ ಉಳಿದಿದೆ. ಪಾಲಿಶ್ ಮಾಡಿ ತೆಗೆಯುತ್ತೇನೆಂದು ಶರಣಪ್ಪ ಎರಡು ಸಲ ಕೇಳಿದ, ನಾನು ಬೇಡವೆಂದೆ. ಮುಂದಿನ ಪರೀಕ್ಷೆಗೆ ಇನ್ನೂ ವರ್ಷಗಳಿವೆ. ಆಗ ಯಾರಾದರೂ ಹಲಗೆ ಹಿಡಿದು ಬಂದು ಇದೇನು ಕಲೆ ಎಂದು ಕೇಳಿದರೆ, ಎರಡೂ ಸೀಟಿನಲ್ಲಿ ಮಂದಿ ಇದ್ದಾರೆ ಎಂದು ಹೇಳಬೇಕೆಂದುಕೊಂಡಿದ್ದೇನೆ.