ರೇಣವ್ವನ ಉಳಿದ ಐದು ಕಕ್ಕೆ ಮರಗಳು

ಬೆಳಗಿನ ಆರು ಗಂಟೆ. ಹುನಗುಂದದ ಸರ್ಕಾರಿ ಕಚೇರಿಯೊಂದರ ಆವರಣದಲ್ಲಿ ರೇಣವ್ವ ಕೊಡ ಕೆಳಗಿಟ್ಟು, ಬೋಳು ಮರವೊಂದರ ತೊಗಟೆಯನ್ನು ಹೆಬ್ಬೆರಳ ಉಗುರಿನಿಂದ ಕೆರೆಯುತ್ತಾರೆ.

"ನೋಡ್ರಿ, ಒಳಗ ಹಸರ ಐತಿ. ಸತ್ತ ಗಿಡ ಹಿಂಗಿರ್ತೈತೇನ್ರಿ?"

ಇರುವುದಿಲ್ಲ. ಯಾರ ಕಣ್ಣಿಗಾದರೂ ಕಾಣುವ ಹಸಿರು ಅದು. ಕಚೇರಿಯವರಿಗೆ ಮಾತ್ರ ಕಂಡಿಲ್ಲ. ಇಲ್ಲಿ ಸಾಲಾಗಿ ಒಂಬತ್ತು ಕಕ್ಕೆ ಮರಗಳಿದ್ದವು. ಮೇಲಧಿಕಾರಿ ಬರುವವರಿದ್ದಾರೆ, ಒಣಮರ ನಿಂತರೆ ಶೋಭೆಯಲ್ಲ ಎಂದು ಕಳೆದ ಭಾನುವಾರ ನಾಲ್ಕನ್ನು ಬುಡಕ್ಕೇ ಕೊಯ್ದುಹಾಕಿದರು. ಉಳಿದ ಐದಕ್ಕೂ ಕಡಿಯಲೆಂದು ಕೆಂಪು ಬಣ್ಣದ ಗುರುತು ಬಿದ್ದಿದೆ.

ಕಕ್ಕೆ ಬೇಸಿಗೆಗೆ ಎಲೆ ಉದುರಿಸುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದೇ ಬೋಳು ಟೊಂಗೆಯಿಂದ ಹಳದಿ ಹೂವಿನ ಗೊಂಚಲುಗಳು ಇಳಿಬೀಳುತ್ತವೆ. ತೊದಲುವ ಮುನ್ನವೇ ಮಗುವನ್ನು ಮೂಗ ಎಂದು ಬರೆದುಕೊಂಡವರನ್ನು ಏನೆನ್ನಬೇಕೋ, ಇವರನ್ನೂ ಅದೇ ಅನ್ನಬೇಕು.

ಐವತ್ತೆರಡರ ರೇಣವ್ವ ಮರೋಳದಿಂದ ಭಾನುವಾರ ಬಿಟ್ಟು ದಿನಾ ಮೊದಲ ಬಸ್ಸಿಗೆ ಬರುತ್ತಾರೆ. ಕಚೇರಿಯ ಸಿಬ್ಬಂದಿ ಪಟ್ಟಿಯಲ್ಲಿ ಅವರು ಕಸ ಗುಡಿಸುವವರು. ಗಿಡ ಬೆಳೆಸು ಎಂದು ಯಾರೂ ಹೇಳಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಶಿವಯೋಗ ಮಂದಿರಕ್ಕೆ ಹೋದಾಗ ಮರದ ಕೆಳಗೆ ಬಿದ್ದಿದ್ದ ಕಾಯಿಗಳನ್ನು ಸೆರಗಿನಲ್ಲಿ ಕಟ್ಟಿ ತಂದರು.

"ಬಡಿಗಿಯಂಥಾ ಉದ್ದನ್ನ ಕಾಯಿ. ಒಡದ್ರ ಒಳಗ ಕರೀ ಅಂಟು, ನಾರತೈತಿ. ಬೀಜ ಅಂತೂ ಕಲ್ಲ ನೋಡ್ರಿ."

ಮೊದಲ ಸಲ ಊರಿದ ಅರವತ್ತರಲ್ಲಿ ಒಂದೂ ಹುಟ್ಟಲಿಲ್ಲ. ಮರುವರ್ಷ ಕಚೇರಿಯ ಇಳಕಲ್ ಕೆಂಪು ಕಲ್ಲಿನ ಮೆಟ್ಟಿಲಿಗೆ ಒಂದೊಂದೇ ಬೀಜ ತಿಕ್ಕಿ, ಸಿಪ್ಪೆ ಸವೆಸಿ, ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಹಾಕಿದರು. ಇಪ್ಪತ್ಮೂರು ಮೊಳೆತವು. ಗೆದ್ದಲು, ಆಡು ತಿಂದು ಉಳಿದದ್ದು ಒಂಬತ್ತು. ಬೇಸಿಗೆಯಲ್ಲಿ ದಿನಕ್ಕೆ ನಲವತ್ತು ಕೊಡ ನೀರು, ಕಚೇರಿ ಹಿಂದಿನ ಬೋರ್‌ವೆಲ್ಲಿನಿಂದ, ಸೊಂಟದ ಮೇಲೆ.

"ಹ್ವಾದ ವರ್ಷ ಒಂದ ಗಿಡ ನಾಕ ಗೊಂಚಲ ಬಿಟ್ಟಿತ್ತು. ಅದನ್ನೂ ಕಡದ್ರು."

ಕಾವಲುಗಾರ ನಬಿಸಾಬ ಚಹಾ ಹಿಡಿದು ಬರುತ್ತಾರೆ. "ನಿನ್ನ ಗಿಡಕ್ಕೂ ಒಂದ ಕಪ್ ತರ್ಲೇನ ಯಕ್ಕಾ?"

"ನಿನಗ ಇಷ್ಟ ವರ್ಷ ಕುಡಿಸ್ಯಾರಲ್ಲ, ನೀ ಯಾವ ಹೂ ಬಿಟ್ಟಿ ತಮ್ಮಾ?"

ನಬಿಸಾಬ ನಗುತ್ತಾರೆ, ನಂತರ ನಗುವುದಿಲ್ಲ. ಕೊಯ್ದ ದಿನ ಗೇಟಿನಲ್ಲಿದ್ದವರು ಅವರೇ. "ರೇಣವ್ವ ಬರ್ಲಿ, ಆಕಿನ್ನ ಒಂದ ಮಾತ ಕೇಳ್ರಿ ಅಂತ ನಾ ಅಂದ್ನಿ. ಆಕಿ ಯಾರು ಅಂದ್ರು."

ಮರುದಿನ ರೇಣವ್ವ ತೊಗಟೆ ಕೆರೆದು ಹಸಿರು ಕಾಣಿಸಿದ ಟೊಂಗೆ ಹಿಡಿದು ಸಾಹೇಬರ ಕೋಣೆಗೆ ಹೋದರು. "ಫೋನಿಂದ ತಲೀ ಎತ್ತಲಿಲ್ರಿ. ಹಸರ ಇದ್ರೇನಾತು, ಎಲಿ ಎಲ್ಲೈತಿ ಅಂದ್ರು." ನಾನು ವಿಚಾರಿಸಿದಾಗ ಸಾಹೇಬರು, "ಒಣಮರ ಜನರ ಮೇಲೆ ಬಿದ್ದರೆ ಯಾರು ಹೊಣೆ?" ಎಂದರು. ಮರ ಬಲ್ಲವರು ಯಾರಾದರೂ ಬಂದು ನೋಡಿದ್ದಾರೆಯೇ ಎಂದಾಗ ಮತ್ತೆ ಫೋನ್ ಕೈಗೆತ್ತಿಕೊಂಡರು. ಕಡಿದ ಜಾಗದಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದ್ದಾರೆ. ಅದಕ್ಕೆ ನೀರೂ ಬೇಡ, ರೇಣವ್ವನೂ ಬೇಡ.

ಏನು ಬೇಕು ನಿಮಗೆ ಎಂದು ಕೇಳುತ್ತೇನೆ.

"ಒಂದ ತಿಂಗಳ ಬಿಡ್ರಿ ಸಾಕು. ಹೂ ಬಿಡ್ಲಿಲ್ಲ ಅಂದ್ರ ನಾನ ಕೊಡ್ಲಿ ಹಿಡೀತೇನಿ." ಕೊಡ ಎತ್ತಿಕೊಂಡು ನಬಿಸಾಬರ ಕಡೆ ತಿರುಗುತ್ತಾರೆ. "ಗಿಡ ಕಡಿಯಾವ್ರು ಬರೂದು ಸೂಟಿ ದಿನಾನ ಹೌದಲ್ಲೋ? ಈ ರವಿವಾರ ನಾ ರೊಟ್ಟಿ ಕಟಗೊಂಡ ಬರ್ತೇನಿ."

"ಗೇಟಿಗೆ ಕೀಲಿ ಹಾಕಿರ್ತೈತಿ ಯಕ್ಕಾ."

"ಹಾಕು. ನನ್ನ ಒಳಗ ಬಿಟ್ಟ ಮ್ಯಾಲೆ ಹಾಕು."