ಮೀಟರಿನ ಮುಳ್ಳು ಇಳಿದ ಮಧ್ಯಾಹ್ನ

ಎಪ್ಪತ್ತರ ದಶಕದ ಕೊನೆಯ ಮಾತು. ಡಿಗ್ರಿಯ ಕಡೇ ವರ್ಷದಲ್ಲಿ ನನಗೊಂದು ಹುಚ್ಚು ಹಿಡಿಯಿತು. ಹಿಡಿಸಿದವರು ರಾಯಚೂರಿನ ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ಘನವಸ್ತುವಿನೊಳಗೆ ಕೆಲವೇ ಪರಮಾಣುಗಳಷ್ಟು ತೆಳುವಾದ ಗೋಡೆ ಇದ್ದರೆ ಎಲೆಕ್ಟ್ರಾನು ಅದನ್ನು ಹತ್ತುವುದಿಲ್ಲ, ಒಡೆಯುವುದೂ ಇಲ್ಲ. ಈ ಕಡೆ ಇದ್ದದ್ದು ಆ ಕಡೆ ಸಿಗುತ್ತದೆ ಎಂದು ಪಾಠದ ನಡುವೆ ಹೇಳಿ ಅವರು ಮುಂದಕ್ಕೆ ಹೋದರು. ನಾನು ಹೋಗಲಿಲ್ಲ. ಪೆನ್ನು ಕೆಳಗಿಟ್ಟು ಬಾಯಿ ತೆರೆದು ಕುಳಿತಿದ್ದೆ. ಪಕ್ಕದವಳು ಮೊಣಕೈಯಿಂದ ತಿವಿಯಬೇಕಾಯಿತು. ಇದನ್ನೇ ಓದಬೇಕು, ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡಬೇಕು ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ.

ಅವ್ವನ ತೀರ್ಮಾನ ಬೇರೆ ಇತ್ತು. ಮಾನ್ವಿ ತಾಲೂಕಿನ ನಮ್ಮೂರಲ್ಲಿ ನಾಟಿ, ಕಳೆ, ಕೊಯ್ಲು ಎಂದು ಕೂಲಿ ಮಾಡಿ ನನ್ನನ್ನು ಓದಿಸಿದವಳು ಅವಳು. ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ಕೊನೆಯ ಮಾತೂ ಅವಳದೇ. ಸೋದರಮಾವ ದೇವದುರ್ಗದ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸ ಗೊತ್ತು ಮಾಡಿ ಬಂದಿದ್ದ. ಜೂನ್‌ನಲ್ಲಿ ಸೇರಬೇಕಂತೆ. ನನಗೋ ಆಗ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೂಗಾಡಿದೆ, ಊಟ ಬಿಟ್ಟೆ. ಅವ್ವ ಜಗಳಕ್ಕೆ ಬರಲಿಲ್ಲ.

"ನೀ ಓದೋದು ಏನದ, ಅದನ್ನರ ಹೇಳು" ಅಂದಳು.

"ಗಟ್ಟಿ ವಸ್ತುದೊಳಗ ಎಲೆಕ್ಟ್ರಾನು ಹೆಂಗ ಹರೀತಾವ ಅಂತ."

"ಕಲ್ಲಿನಾಗ ಹರೀತಾವೇನು?"

"ಕಾಲುವಿ ತೂಬು ಮುಚ್ಚಿದ್ರೂ ಒಂದೀಟು ನೀರು ಸೋರ್ತದಲ್ಲ ಯವ್ವಾ, ಹಂಗ."

"ಸೋರೋ ನೀರು ಕಣ್ಣಿಗಿ ಕಾಣ್ತದ. ನಿನ್ನದನ್ನೂ ತೋರ್ಸು. ತೋರಿಸಿದ್ರ ಧಾರವಾಡ, ಇಲ್ಲಂದ್ರ ದೇವದುರ್ಗ."

ಎಲೆಕ್ಟ್ರಾನನ್ನು ಕಣ್ಣಾರೆ ಕಂಡವರು ಯಾರಿದ್ದಾರೆ? ಆದರೂ ನಾನು ಎದೆಗುಂದಲಿಲ್ಲ, ಉಪಾಯ ನನ್ನ ಕೈಯಲ್ಲಿತ್ತು. ನಮ್ಮ ಲ್ಯಾಬಿನಲ್ಲಿ ಭತ್ತದ ಕಾಳಿನಷ್ಟು ದೊಡ್ಡದೊಂದು ಗಾಜಿನ ಡಯೋಡ್ ಇತ್ತು, ಒಳಗೆ ಜರ್ಮೇನಿಯಂ ಚೂರು. ಅದು ಕರೆಂಟನ್ನು ಒಂದು ದಿಕ್ಕಿಗೆ ಬಿಡುತ್ತದೆ, ತಿರುವಿ ಜೋಡಿಸಿದರೆ ತಡೆಯುತ್ತದೆ. ತಡೆಯುವ ಆ ಗಡಿ ತಲೆಗೂದಲಿಗಿಂತ ಎಷ್ಟೋ ಪಾಲು ತೆಳು. ಎಷ್ಟು ತಡೆದರೂ ಚೂರು ಸೋರಿಕೆ ಇದ್ದೇ ಇರುತ್ತದೆ, ಯಾಕೆಂದರೆ ಶಾಖಕ್ಕೆ ಕೆಲವು ಎಲೆಕ್ಟ್ರಾನುಗಳು ತಮ್ಮ ಕಟ್ಟು ಬಿಡಿಸಿಕೊಂಡು ಓಡಾಡುತ್ತವೆ. ಶಾಖ ಹೆಚ್ಚಿದರೆ ಸೋರಿಕೆಯೂ ಹೆಚ್ಚು. ಸಂಕ್ರಾಂತಿ ಹೊತ್ತಿನ ಒಂದು ಚಳಿಯ ಬೆಳಿಗ್ಗೆ ಅದನ್ನು ತಿರುವಿ, ಸೋರಿಕೆ ಅಳೆಯುವ ಮೀಟರಿಗೆ ಜೋಡಿಸಿ, ಎರಡು ಬೆರಳಲ್ಲಿ ಹಿಡಿದಿದ್ದೆ. ಮೀಟರಿನ ಮುಳ್ಳು ಮೆಲ್ಲಗೆ ಮೇಲೇರಿತು. ನನ್ನ ಮೈಯ ಬಿಸಿ ಅಷ್ಟು ಒಳಗಿನವರೆಗೆ ಮುಟ್ಟಿತ್ತು! ಇಡೀ ದಿನ ಆ ಬೆರಳುಗಳನ್ನೇ ನೋಡಿಕೊಂಡು ತಿರುಗಿದ್ದೆ. ಅವ್ವನಿಗೂ ಅದನ್ನೇ ತೋರಿಸಿದರಾಯಿತು ಅಂದುಕೊಂಡೆ.

ಪರೀಕ್ಷೆ ಮುಗಿದ ಮೇಲೆ, ಮೇ ತಿಂಗಳ ಒಂದು ಮಧ್ಯಾಹ್ನ, ಅವ್ವ ಮಾನ್ವಿ ಬಸ್ಸಿನಲ್ಲಿ ಬಂದಿಳಿದಳು. ರಾಯಚೂರಿನ ಮೇ ತಿಂಗಳೆಂದರೆ ಹೇಳಬೇಕೆ? ಲ್ಯಾಬಿನ ಮೇಲೆ ತಗಡಿನ ಚಾವಣಿ, ಕರೆಂಟು ಬೇರೆ ಹೋಗಿ ಫ್ಯಾನು ನಿಂತಿತ್ತು. ನಮ್ಮ ಪ್ರಯೋಗ ನಡೆಯುವುದು ಬ್ಯಾಟರಿ ಸೆಲ್ಲಿನಿಂದ, ಹಾಗಾಗಿ ಚಿಂತೆ ಇರಲಿಲ್ಲ. ಮೇಷ್ಟ್ರು "ಬರ್ರಿ ಯವ್ವಾ, ಒಳಗ ಬರ್ರಿ" ಎಂದು ತಾವೇ ಸ್ಟೂಲು ಎಳೆದುಕೊಟ್ಟರು. ಅವ್ವ ಕೂರಲಿಲ್ಲ. ಸೆರಗಿನೊಳಗೆ ಕೈ ಮಡಚಿಕೊಂಡು ಮೇಜಿನಿಂದ ದೂರ ನಿಂತಳು. ಊರಲ್ಲಿ ಗದ್ದೆಗೆ ಅವಳ ಕೈ ಬೇಕಿತ್ತು. ಅದೇ ಗದ್ದೆಯ ಭತ್ತ ಒಡೆಯರ ಮನೆ ಸೇರಿದ ಮೇಲೆ ಆ ಕೈ ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಎಲ್ಲಿ ಹೋದರೂ ಅವಳು ಹೀಗೇ ನಿಲ್ಲುತ್ತಿದ್ದಳು, ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು.

"ಇದನ್ನ ಹಿಡಿ ಯವ್ವಾ, ಮುಳ್ಳು ಮ್ಯಾಲೆ ಏರ್ತದ, ನೋಡ್ತಿರು" ಅಂದೆ.

ಅವಳು ಮೇಷ್ಟ್ರ ಕಡೆ ತಿರುಗಿದಳು. "ನಾ ಮುಟ್ಟಬೌದೇನ್ರಿ?"

"ಮುಟ್ರಿ. ಮುಟ್ಟಿದ್ರನ ಅದು ಮಾತಾಡ್ತದ."

ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡು ಡಯೋಡನ್ನು ಹಿಡಿದಳು. ಮುಳ್ಳು ಅಲುಗಿತು. ಆಮೇಲೆ ಕೆಳಗಿಳಿಯತೊಡಗಿತು.

ಅವ್ವ ಸುಟ್ಟುಕೊಂಡವಳ ಹಾಗೆ ಕೈ ಹಿಂದಕ್ಕೆಳೆದಳು. "ನಾ ಕೆಡಿಸಿದ್ನೇನು?" ಅಂದಳು. ಧಾರವಾಡ ಕೈಬಿಟ್ಟು ಹೋಯಿತು ಎಂದು ನನ್ನ ಕಣ್ಣು ತುಂಬಿ ಬಂತು. ಮೇಷ್ಟ್ರು ಮೇಜಿನ ಮೇಲೆ ಬಾಗಿದರು. ತಂತಿ ನೋಡಿದರು, ಸೆಲ್ಲು ನೋಡಿದರು. ಕೊನೆಗೆ ಕಪಾಟಿನಿಂದ ಥರ್ಮಾಮೀಟರು ತೆಗೆದು ಡಯೋಡಿನ ಪಕ್ಕ ಹಿಡಿದರು, ಹಿಡಿದವರೇ ನಗತೊಡಗಿದರು.

"ಈ ಕ್ವಾಣಿ ಗಾಳಿ ಮನಷ್ಯಾನ ಮೈಗಿಂತ ಬಿಸಿ ಅದ! ನಿಮ್ಮ ಕೈ ತಂಪು ಯವ್ವಾ. ಒಳಗ ಓಡಾಡಾಕತ್ತಿದ್ದ ಎಲೆಕ್ಟ್ರಾನು ನಿಮ್ಮ ಕೈ ತಾಗಿ ಶಾಂತ ಆದ್ವು."

ತಾವೂ ಮುಟ್ಟಿ ತೋರಿಸಿದರು. ಅವರಿಗೂ ಮುಳ್ಳು ಇಳಿಯಿತು. ನಾನು ಮುಟ್ಟಿದೆ, ನನಗೂ ಇಳಿಯಿತು. ನಮ್ಮ ಮೂವರಲ್ಲಿ ಅದು ಯಾವ ಭೇದವನ್ನೂ ಮಾಡಲಿಲ್ಲ. ಪುಸ್ತಕದಲ್ಲಿ ಓದಿದ್ದು ನಿಜ ಎಂದು ನನಗೆ ನಿಜವಾಗಿ ನಾಟಿದ್ದು ಆಗಲೇ. ಏರುತ್ತದೆ ಎಂದು ನಾನು ಕೊಟ್ಟ ಮಾತಿಗೆ ಆ ಎಲೆಕ್ಟ್ರಾನುಗಳು ಕಟ್ಟುಬಿದ್ದಿರಲಿಲ್ಲ, ಶಾಖಕ್ಕೆ ಮಾತ್ರ ಕಟ್ಟುಬಿದ್ದಿದ್ದವು.

ಅವ್ವ ಈಗ ಸ್ಟೂಲಿನ ಮೇಲೆ ಕೂತಳು. ಮತ್ತೆ ಹಿಡಿದಳು, ಬಿಟ್ಟಳು. ಬಿಟ್ಟಾಗ ಮುಳ್ಳು ನಿಧಾನವಾಗಿ ತನ್ನ ಜಾಗಕ್ಕೆ ಮರಳುತ್ತಿತ್ತು. ಹಿಡಿಯುವುದು, ಬಿಡುವುದು, ನೋಡುವುದು. ನಾವಿಬ್ಬರೂ ಅಲ್ಲಿರುವುದೇ ಅವಳಿಗೆ ಮರೆತುಹೋದಂತಿತ್ತು.

ಸಂಜೆ ಅವಳನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಬಸ್ಸು ಹತ್ತುವ ಮುಂಚೆ ನಾನೇ ತಡೆಯಲಾರದೆ, "ಯವ್ವಾ, ನಾ ಹೇಳಿದಂಗ ಮುಳ್ಳು ಏರ್ಲಿಲ್ಲ" ಅಂದೆ.

"ಇಲ್ಲ, ಇಳೀತು" ಅಂದಳು ಅವ್ವ, ತನ್ನ ಅಂಗೈ ನೋಡಿಕೊಳ್ಳುತ್ತ. "ನಾ ಮುಟ್ಟಿದ್ರ ಊರಾಗ ಮಂದಿ ಉರಿದು ಬೀಳ್ತಾರ. ಇದು ತಂಪಾತು. ನೀ ಧಾರವಾಡಕ್ಕ ಹೋಗು, ನಿಮ್ಮ ಮಾವಗ ನಾ ಹೇಳ್ತೀನಿ."